ಅಟ್ಲಾಂಟಿಕ್ ಪ್ರವಾಹ ಸೊರಗಿದರೆ ನಮ್ಮ ಮಾಗಿಗೇನಾಗುತ್ತದೆ?

ತೋಪಿನವನು, ಶ್ರೀನಿವಾಸಪುರ ತಾಲ್ಲೂಕು

ಹೋದ ವಾರ ಪತ್ರಿಕೆಯಲ್ಲಿ ಒಂದು ಸುದ್ದಿ ಓದಿದೆ. ಅಟ್ಲಾಂಟಿಕ್ ಸಾಗರದಲ್ಲಿ ಬಿಸಿನೀರನ್ನು ಉತ್ತರಕ್ಕೆ ಹೊತ್ತೊಯ್ಯುವ ದೊಡ್ಡ ಪ್ರವಾಹ ಸೊರಗುತ್ತಿದೆಯಂತೆ. ಅದು ನಿಂತೇ ಹೋದರೆ ಯೂರೋಪಿನ ಚಳಿಗಾಲ ಈಗಿನದಕ್ಕಿಂತ ಎಷ್ಟೋ ಪಾಲು ಕಟುವಾಗುತ್ತದಂತೆ. ಇಂಥ ಸುದ್ದಿಗಳನ್ನು ಸಾಮಾನ್ಯವಾಗಿ ಓದಿ ಮಡಚಿಟ್ಟುಬಿಡುತ್ತೇನೆ. ಈ ಸಲ ಆಗಲಿಲ್ಲ, ಏಕೆಂದರೆ ನನ್ನ ತಲೆಯಲ್ಲಿ ಆಗಲೇ ಚಳಿಯ ಲೆಕ್ಕ ಓಡುತ್ತಿತ್ತು.

ನಮ್ಮದು ಆರು ಎಕರೆ ಮಾವು. ಹೆಚ್ಚಿನವು ತೋತಾಪುರಿ, ಬದುವಿನ ಪಕ್ಕ ಒಂದಿಷ್ಟು ಬಾದಾಮಿ, ನೀಲಂ. ಡಿಸೆಂಬರ್ ಎರಡನೆಯ ವಾರಕ್ಕೆ ಕೊಂಬೆಯ ತುದಿಗಳು ಉಬ್ಬಿ ಕೂತಿದ್ದವು. ಇನ್ನು ಹತ್ತು ದಿನ ಒಣ ಚಳಿ ಸಿಕ್ಕಿದ್ದರೆ ಹೂವು ಬರುತ್ತಿತ್ತು. ಸಿಗಲಿಲ್ಲ. ಬಂಗಾಳಕೊಲ್ಲಿಯಲ್ಲಿ ವಾಯುಭಾರ ಕುಸಿತ ಎಂದರು. ಎಂಟು ದಿನ ಸೂರ್ಯನ ಮುಖ ಕಾಣಲಿಲ್ಲ, ಸೋನೆ ಬಿಟ್ಟು ಬಿಟ್ಟು ಹನಿಯಿತು. ಆಮೇಲೆ ಒಡೆದದ್ದು ಹೂವಲ್ಲ, ಎಲೆ. ತಾಮ್ರದ ಬಣ್ಣದ, ಮುಟ್ಟಿದರೆ ಜೋಲುವ ಎಳೆ ಚಿಗುರು. ನೋಡಲು ಬಹಳ ಚೆಂದ, ಮಂಡಿಗೆ ಒಯ್ಯಲು ಬರುವುದಿಲ್ಲ.

ಪಂಪ್ ಮನೆಯ ಜಗಲಿಯಲ್ಲಿ ನಾಲ್ಕು ವರ್ಷದಿಂದ ಒಂದು ಉಷ್ಣಮಾಪಕ ನೇತುಹಾಕಿದ್ದೇನೆ. ಮೋಡವಿಲ್ಲದ ರಾತ್ರಿ 12, 13 ಡಿಗ್ರಿಗೆ ಇಳಿಯುವ ಪಾದರಸ ಆ ಎಂಟು ದಿನ 18ಕ್ಕಿಂತ ಕೆಳಗೆ ಬರಲೇ ಇಲ್ಲ. ಹಗಲಲ್ಲಿ ಮಾತ್ರ ನಾವೆಲ್ಲ ಸ್ವೆಟರ್ ಹಾಕಿಕೊಂಡು, ಈ ವರ್ಷ ಎಂಥ ಚಳಿಯಪ್ಪಾ ಎಂದು ನಡುಗುತ್ತಿದ್ದೆವು. ನಾವು ನಡುಗಿದೆವು, ಮರಕ್ಕೆ ಚಳಿ ತಾಗಲಿಲ್ಲ.

ನನ್ನ ಪ್ರಶ್ನೆ ಇಷ್ಟೇ. ಆ ಅಟ್ಲಾಂಟಿಕ್ ಪ್ರವಾಹಕ್ಕೂ ನಮ್ಮ ಮಾಗಿ ಕೆಡುತ್ತಿರುವುದಕ್ಕೂ ಏನಾದರೂ ಸಂಬಂಧವಿದೆಯೇ? ಯೂರೋಪಿಗೆ ಬೇಡವಾದ ಚಳಿ ಅಷ್ಟು ಬರುವುದಾದರೆ ಅದರಲ್ಲಿ ಒಂದು ಚೂರು ನಮ್ಮ ಕಡೆಗೂ ಬಂದೀತೇ? ಬಂದರೆ ಮಾವಿನವರು ಬೇಡ ಎನ್ನುವುದಿಲ್ಲ.

ಕಡಲೆಕಾಯಿ, ಪಾವಗಡ

ಅಟ್ಲಾಂಟಿಕ್ ಗೊಡವೆ ನಮಗೇಕೆ? ನಮಗೆ ಬೇಕಾದದ್ದು ಪೆಸಿಫಿಕ್. ಅಲ್ಲಿ ಸಮಭಾಜಕದ ನೀರು ತಣ್ಣಗಾಗುವ ಲಾ ನಿನಾ ಇದ್ದರೆ ಹಿಂಗಾರು ಕಡಿಮೆ, ಆಕಾಶ ಶುಭ್ರ, ಚಳಿ ಹೆಚ್ಚು. ಅದೇ ನೀರು ಬಿಸಿಯೇರುವ ಎಲ್ ನಿನೋ ಇದ್ದರೆ ಹಿಂಗಾರು ಜೋರು, ಚಳಿ ಕಡಿಮೆ. 2015 ಎಲ್ ನಿನೋ ವರ್ಷ, ಡಿಸೆಂಬರ್ ಮೊದಲಲ್ಲಿ ಚೆನ್ನೈ ಮುಳುಗಿತು. ಲೆಕ್ಕ ಮುಗಿಯಿತು.

ತೋಪಿನವನು

2021ರ ನವೆಂಬರ್? ಅದು ಲಾ ನಿನಾ ವರ್ಷವೇ. ನಮ್ಮೂರ ಕೆರೆ ಕೋಡಿ ಹರಿದದ್ದನ್ನು ನೋಡಲು ಜನ ಟ್ರ್ಯಾಕ್ಟರ್ ಕಟ್ಟಿಕೊಂಡು ಬಂದಿದ್ದರು. ಕೊಯ್ದು ಅರಿ ಹಾಕಿದ್ದ ರಾಗಿ ಹೊಲದಲ್ಲೇ ಮೊಳಕೆ ಬಂತು. ಲೆಕ್ಕ ಮುಗಿದಿಲ್ಲ.

ಕಡಲೆಕಾಯಿ, ಪಾವಗಡ

ಆಯಿತು, ಒಂದು ವರ್ಷ ತಪ್ಪಿತು. ಹತ್ತರಲ್ಲಿ ಆರು ವರ್ಷ ಸರಿ ಬಂದರೂ ನನಗೆ ಸಾಕು. ನಮ್ಮ ಕಡೆ ಪಂಚಾಂಗದ ಮಳೆ ಅಷ್ಟೂ ಸರಿ ಬರುವುದಿಲ್ಲ.

ಹಳೆಯ ಎಂಜಿನಿಯರ್, ಗುಬ್ಬಿ

ಮೂವತ್ತೊಂದು ವರ್ಷ ಸರಕು ಹಡಗುಗಳ ಎಂಜಿನ್ ಕೋಣೆಯಲ್ಲಿ ದುಡಿದು ಈಗ ತೆಂಗಿನ ತೋಟದಲ್ಲಿ ಕೂತಿದ್ದೇನೆ. ಸಮುದ್ರವನ್ನು ಕಣ್ಣಿನಿಂದ ನೋಡಿದ್ದಕ್ಕಿಂತ ಪೈಪಿನಿಂದ ನೋಡಿದ್ದೇ ಹೆಚ್ಚು. ಆದರೂ, ಅಥವಾ ಅದಕ್ಕೇ, ಈ ವಿಷಯ ಬಂದರೆ ಸುಮ್ಮನಿರಲು ಆಗುವುದಿಲ್ಲ. ಸ್ವಲ್ಪ ಉದ್ದವಾಗುತ್ತದೆ, ಬೇಸರಿಸಬೇಡಿ.

ಹಡಗಿನ ಎಂಜಿನ್ ತಂಪಾಗಿರಲು ತಳದಿಂದ ಸಮುದ್ರದ ನೀರನ್ನು ಎಳೆದುಕೊಳ್ಳುತ್ತೇವೆ. ಆ ನೀರು ಎಷ್ಟು ಡಿಗ್ರಿ ಇದೆ ಎಂದು ನಾಲ್ಕು ಗಂಟೆಯ ಪ್ರತಿ ಪಾಳಿಯಲ್ಲೂ ದಾಖಲೆ ಪುಸ್ತಕದಲ್ಲಿ ಬರೆಯಬೇಕು. ನಾನು ಕಿರಿಯ ಎಂಜಿನಿಯರ್ ಆಗಿದ್ದಾಗ, ಒಂದು ಫೆಬ್ರವರಿಯಲ್ಲಿ ನ್ಯೂಯಾರ್ಕಿನಿಂದ ಹೊರಟು ಆಗ್ನೇಯಕ್ಕೆ ಸಾಗುತ್ತಿದ್ದೆವು. ಪಾಳಿ ಹಿಡಿದಾಗ ನೀರು 8 ಡಿಗ್ರಿ. ಎರಡು ಗಂಟೆ ಕಳೆದು ನೋಡಿದರೆ 13. ಮಾಪಕ ಕೆಟ್ಟಿದೆ ಎಂದು ಬೆರಳಿನಿಂದ ಬಡಿದೆ. ಪಾಳಿ ಮುಗಿಯುವ ಹೊತ್ತಿಗೆ 19. ಹಿರಿಯ ಎಂಜಿನಿಯರ್ ನಕ್ಕು, ಮೇಲೆ ಹೋಗಿ ನೋಡಿಕೊಂಡು ಬಾ ಎಂದರು. ಹೋದೆ. ಗಾಳಿ ಮೂಗು ಕೊಯ್ಯುವಷ್ಟು ತಣ್ಣಗಿತ್ತು; ಸಮುದ್ರ ಮಾತ್ರ, ಎಣ್ಣೆಸ್ನಾನದ ದಿನ ಹಂಡೆಯ ಬಾಯಿಂದ ಏಳುವಂತೆ, ಕಣ್ಣು ಹಾಯುವವರೆಗೂ ಹಬೆಯಾಡುತ್ತಿತ್ತು. ನೀರಿನ ಬಣ್ಣವೂ ಬದಲಾಗಿ ಗಾಢ ನೀಲಿಯಾಗಿತ್ತು. ಅದು ಗಲ್ಫ್ ಸ್ಟ್ರೀಮ್, ಅಮೆರಿಕದ ಪೂರ್ವ ತೀರದ ಪಕ್ಕ ಹರಿಯುವ ಬಿಸಿನೀರಿನ ಪ್ರವಾಹ.

ಈಗ ಪತ್ರಿಕೆಯವರ ಮೇಲೆ ನನಗಿರುವ ಸಿಟ್ಟು ಹೇಳುತ್ತೇನೆ. ಗಲ್ಫ್ ಸ್ಟ್ರೀಮ್ ನಿಲ್ಲುತ್ತದೆ ಎಂದು ದಪ್ಪ ಅಕ್ಷರದಲ್ಲಿ ಹಾಕುತ್ತಾರೆ. ಅದು ನಿಲ್ಲುವುದಿಲ್ಲ. ಅದನ್ನು ತಳ್ಳುವುದು ಗಾಳಿ ಮತ್ತು ಭೂಮಿಯ ತಿರುಗುವಿಕೆ. ಅವೆರಡೂ ಇರುವವರೆಗೆ ಅದೂ ಇರುತ್ತದೆ. ಸೊರಗುವ ಮಾತು ಬಂದಿರುವುದು ಬೇರೆಯದಕ್ಕೆ. ಮೇಲಿನ ಬೆಚ್ಚಗಿನ ಉಪ್ಪು ನೀರು ಉತ್ತರಕ್ಕೆ ಹೋಗಿ, ಗ್ರೀನ್‌ಲ್ಯಾಂಡಿನ ಸುತ್ತಮುತ್ತ ತನ್ನ ಶಾಖವನ್ನು ಗಾಳಿಗೆ ಕೊಟ್ಟು, ಭಾರವಾಗಿ ಆಳಕ್ಕೆ ಮುಳುಗಿ, ತಳದಲ್ಲಿ ದಕ್ಷಿಣಕ್ಕೆ ಮರಳುತ್ತದೆ. ನಮ್ಮ ಏತದ ಹಾಗೆ: ಒಂದು ಕಡೆ ಇಳಿದರೆ ತಾನೇ ಇನ್ನೊಂದು ಕಡೆ ಏರುವುದು? ಈ ಇಳಿಯುವ ಕೆಲಸ ನಿಧಾನವಾಗುತ್ತದೆ ಎಂಬುದೇ ಭಯ.

ನಿಧಾನವಾಗುವುದೇಕೆ ಎಂಬುದಕ್ಕೆ ಪುಸ್ತಕ ಬೇಡ, ಹಡಗಿನ ಪಕ್ಕೆ ನೋಡಿದರೆ ಸಾಕು. ಎಷ್ಟು ಆಳ ಮುಳುಗುವವರೆಗೆ ಸರಕು ತುಂಬಬಹುದು ಎಂಬುದಕ್ಕೆ ಅಲ್ಲಿ ಗೆರೆಗಳಿರುತ್ತವೆ. ಸಿಹಿನೀರಿಗೆ ಒಂದು, ಉಷ್ಣವಲಯದ ಸಮುದ್ರಕ್ಕೆ ಒಂದು, ಬೇಸಿಗೆಗೆ ಒಂದು, ಚಳಿಗಾಲಕ್ಕೆ ಒಂದು. ಎಲ್ಲಕ್ಕಿಂತ ಕೆಳಗೆ, ನೂರು ಮೀಟರಿಗಿಂತ ಉದ್ದವಿಲ್ಲದ ಹಡಗುಗಳಿಗೆ, ಇನ್ನೊಂದು ಗೆರೆ: ಉತ್ತರ ಅಟ್ಲಾಂಟಿಕ್ ಚಳಿಗಾಲ. ಜಗತ್ತಿನ ಒಂದು ಸಮುದ್ರದ ಒಂದು ಋತುವಿಗೆ ಪ್ರತ್ಯೇಕ ಗೆರೆ ಎಳೆದಿದ್ದಾರೆ ಎಂದರೆ ಅಲ್ಲಿನ ಚಳಿಗಾಲದ ಅಬ್ಬರ ಎಂಥದ್ದೆಂದು ನೀವೇ ಊಹಿಸಿ. ನಮಗೀಗ ಬೇಕಾದದ್ದು ಮೇಲಿನ ಸಿಹಿನೀರಿನ ಗೆರೆ. ಉಪ್ಪು ಕಡಿಮೆಯಾದರೆ ನೀರು ಹಗುರ, ಹಡಗು ಹೆಚ್ಚು ಮುಳುಗುತ್ತದೆ. ಅದಕ್ಕೇ ಆ ಗೆರೆ. ಗ್ರೀನ್‌ಲ್ಯಾಂಡಿನ ಮಂಜುಗಡ್ಡೆ ಕರಗಿ, ಅಲ್ಲಿ ಮಳೆಯೂ ಹೆಚ್ಚಿ, ಸಮುದ್ರದ ಮೇಲೆ ಸಿಹಿನೀರು ಹರಡಿದರೆ ಆ ನೀರು ಎಷ್ಟು ತಣ್ಣಗಾದರೂ ಹಗುರವಾಗಿಯೇ ಉಳಿಯುತ್ತದೆ, ಮುಳುಗುವುದಿಲ್ಲ. ಏತದ ಒಂದು ತುದಿ ಇಳಿಯದಿದ್ದರೆ ಇನ್ನೊಂದು ಏಳುವುದಿಲ್ಲ.

ಇದರ ಗಾತ್ರ ಹೇಳಬೇಕು. ಫ್ಲಾರಿಡಾ ಕಡೆಯಿಂದ ಆಫ್ರಿಕಾದ ದಡದವರೆಗೆ 26 ಡಿಗ್ರಿ ಉತ್ತರ ಅಕ್ಷಾಂಶದ ಆಸುಪಾಸಿನಲ್ಲಿ 2004ರಿಂದ ಸಮುದ್ರದೊಳಗೆ ಮಾಪಕಗಳನ್ನು ಕಟ್ಟಿ ಈ ಹರಿವನ್ನು ಅಳೆಯುತ್ತಿದ್ದಾರೆ. ಸರಾಸರಿ ಸೆಕೆಂಡಿಗೆ ಸುಮಾರು 170 ಲಕ್ಷ ಘನಮೀಟರ್. ಭೂಮಿಯ ಎಲ್ಲ ನದಿಗಳೂ ಸೇರಿ ಸಮುದ್ರಕ್ಕೆ ಸುರಿಯುವುದು ಸುಮಾರು 12 ಲಕ್ಷ. ಈ ಅಳತೆಯಲ್ಲಿ 2009–10ರಲ್ಲಿ ಹರಿವು ಒಂದು ವರ್ಷದ ಮಟ್ಟಿಗೆ ಶೇ 30ರಷ್ಟು ಕುಸಿದು ಮತ್ತೆ ಚೇತರಿಸಿಕೊಂಡಿತು. 2010ರ ಡಿಸೆಂಬರಿನಲ್ಲಿ ನಾನು ಇಂಗ್ಲೆಂಡಿನ ಪೂರ್ವ ತೀರದ ಬಂದರೊಂದರಲ್ಲಿದ್ದೆ. ಆ ದೇಶಕ್ಕೆ ಅದು ನೂರು ವರ್ಷದಲ್ಲೇ ಅತಿ ತಣ್ಣನೆಯ ಡಿಸೆಂಬರ್. ಹಡಗಿನ ಮೇಲಟ್ಟದ ನೀರಿನ ಕೊಳವೆಗಳನ್ನೆಲ್ಲ ಖಾಲಿ ಮಾಡಿದ್ದರೂ ಒಂದು ಮೂಲೆಯಲ್ಲಿ ಉಳಿದ ಎರಡು ಲೋಟ ನೀರು ಹೆಪ್ಪುಗಟ್ಟಿ ಎರಕದ ಕಬ್ಬಿಣದ ಕವಾಟವನ್ನು ಸೀಳಿಹಾಕಿತ್ತು. ಆ ಸೀಳು ಕವಾಟ ಕೈಯಲ್ಲಿ ಹಿಡಿದು ನಿಂತದ್ದು ಇನ್ನೂ ನೆನಪಿದೆ. ಪ್ರವಾಹ ಕುಸಿದದ್ದಕ್ಕೇ ಆ ಚಳಿ ಬಂತು ಎಂದು ನಾನು ಹೇಳುತ್ತಿಲ್ಲ. ಮುಖ್ಯ ಕಾರಣ ಪಡುವಣದ ಗಾಳಿ ಕಟ್ಟಿಕೊಂಡು ಉತ್ತರದ ಗಾಳಿ ನುಗ್ಗಿದ್ದು. ಅಲ್ಲಿನ ಚಳಿಗಾಲದಲ್ಲಿ ನೀರಿನಷ್ಟೇ ಪಾಲು ಗಾಳಿಯದು.

ನಾರ್ವೆಯ ಬರ್ಗೆನ್ ಬಂದರು 60 ಡಿಗ್ರಿ ಉತ್ತರದಲ್ಲಿದೆ. ಜನವರಿಯಲ್ಲೂ ಅಲ್ಲಿ ನೀರು ಹೆಪ್ಪುಗಟ್ಟುವುದಿಲ್ಲ, ಮಳೆ ಸುರಿಯುತ್ತಿರುತ್ತದೆ. ಅದೇ ಅಕ್ಷಾಂಶದಲ್ಲಿ ಕೆನಡಾದ ಹಡ್ಸನ್ ಕೊಲ್ಲಿ ತಿಂಗಳುಗಟ್ಟಲೆ ಮಂಜುಗಡ್ಡೆ. ಪ್ರವಾಹ ಕುಸಿದರೆ ಹೆಚ್ಚು ಕಳೆದುಕೊಳ್ಳುವುದು ಬರ್ಗೆನ್‌ನಂಥ ಊರುಗಳು. ಈ ಶತಮಾನದಲ್ಲಿ ಅದು ದುರ್ಬಲವಾಗುವುದು ಬಹುಪಾಲು ಖಚಿತ, ಆದರೆ 2100ರೊಳಗೆ ಏಕಾಏಕಿ ಕುಸಿಯದು ಎಂದು 2021ರಲ್ಲಿ ವಿಶ್ವಸಂಸ್ಥೆಯ ಹವಾಮಾನ ಸಮಿತಿ ಹೇಳಿತು. ಆ ಎರಡನೆಯ ಮಾತಿಗೆ ತಮಗಿರುವ ವಿಶ್ವಾಸ ಮಧ್ಯಮ ಎಂದು ತಾವೇ ಬರೆದುಕೊಂಡರು. 2023ರಲ್ಲಿ ಡೆನ್ಮಾರ್ಕಿನ ಇಬ್ಬರು ಸಂಶೋಧಕರು 2025ರಿಂದ 2095ರ ನಡುವೆ ಕುಸಿಯಬಹುದು ಎಂದು ಲೆಕ್ಕ ಕೊಟ್ಟರು. ಅವರು ಆಧಾರ ಮಾಡಿಕೊಂಡದ್ದು 1870ರಿಂದೀಚಿನ ಸಮುದ್ರದ ಮೇಲ್ಮೈ ಉಷ್ಣಾಂಶ. ಹಾಗೆಂದರೆ ಬಹಳಷ್ಟು ನನ್ನಂಥ ಹಡಗಿನವರು ನಿದ್ದೆಗಣ್ಣಿನಲ್ಲಿ ಬರೆದ ಅಂಕಿಗಳು! ಬೆಳಗಿನ ನಾಲ್ಕಕ್ಕೆ, ಮಾಪಕದ ಹತ್ತಿರ ಹೋಗದೆ, ಹಿಂದಿನ ಪಾಳಿಯ ಅಂಕಿಯನ್ನೇ ಮತ್ತೆ ಬರೆದವರನ್ನು ನಾನು ಕಂಡಿದ್ದೇನೆ. ಅದಕ್ಕೇ ಆ ಇಸವಿಗಳನ್ನು ನಾನು ಸ್ವಲ್ಪ ದೂರವೇ ಇಡುತ್ತೇನೆ. ಅಪಾಯವನ್ನಲ್ಲ, ಇಸವಿಯನ್ನು.

ಈಗ ತೋಪಿನವರ ಪ್ರಶ್ನೆ. ಯೂರೋಪಿನ ಚಳಿ ನಿಮ್ಮ ತೋಪಿಗೆ ಬರುವುದಿಲ್ಲ. ಬರುವುದಾದರೆ ಬರುವುದು ಬೇರೆ. ಸುಮಾರು 12,900 ವರ್ಷಗಳ ಹಿಂದೆ ಉತ್ತರ ಅಟ್ಲಾಂಟಿಕ್ ಹಠಾತ್ತನೆ ತಣ್ಣಗಾಯಿತು. ಈ ಪ್ರವಾಹ ಸೊರಗಿದ್ದೇ ಅದಕ್ಕೆ ಕಾರಣ ಎಂದು ಬಹುಮಂದಿ ಒಪ್ಪುತ್ತಾರೆ. ಆ ಕಾಲದಲ್ಲಿ ನಮ್ಮ ಮುಂಗಾರು ಬಡವಾಗಿತ್ತು. ಉತ್ತರಾರ್ಧ ತಣ್ಣಗಾದರೆ ಸಮಭಾಜಕದ ಮಳೆಪಟ್ಟಿ ದಕ್ಷಿಣಕ್ಕೆ ಸರಿಯುತ್ತದೆ. ಅಲ್ಲಿ ಸ್ವೆಟರಿನ ಚಿಂತೆಯಾದರೆ ಇಲ್ಲಿ ಕೆರೆಯ ಚಿಂತೆ.

ಚಂದ್ರಿಕೆ, ಶಿಡ್ಲಘಟ್ಟ

ತೋಪಿನವರು ಬರೆದ "ನಾವು ನಡುಗಿದೆವು, ಮರಕ್ಕೆ ಚಳಿ ತಾಗಲಿಲ್ಲ" ಎಂಬುದನ್ನು ಹಿಡಿದು ಒಂದು ಮಾತು. ನಾನು ಹದಿನೆಂಟು ವರ್ಷದಿಂದ ರೇಷ್ಮೆಹುಳು ಸಾಕುತ್ತಿದ್ದೇನೆ. ಹುಳುಮನೆಯ ಗೋಡೆಯಲ್ಲಿ ಹೊತ್ತುಹೊತ್ತಿಗೆ ಉಷ್ಣಾಂಶ ಬರೆಯುವುದು ನನಗೂ ಅಭ್ಯಾಸ, ಎಂಜಿನಿಯರ್ ಅವರೇ, ಮತ್ತು ನಾನು ಹಿಂದಿನ ಪಾಳಿಯದ್ದನ್ನು ನಕಲು ಮಾಡುವುದಿಲ್ಲ.

ಒಣ ಚಳಿ ನನಗೆ ಕಷ್ಟವೇ ಅಲ್ಲ. ಹೊರಗೆ 11 ಇದ್ದರೂ ಒಳಗೆ ಇದ್ದಿಲ ಒಲೆ ಇಟ್ಟು 25ಕ್ಕೆ ತರುತ್ತೇನೆ. ಹಗಲು ಹೇಗೂ ಬಿಸಿಲು ಬರುತ್ತದೆ. ಕೆಟ್ಟದ್ದು ಮೋಡದ ಚಳಿ. ಹಗಲೂ ರಾತ್ರಿಯೂ ಒಂದೇ ಸಮ, 18, 19, 20. ಸೊಪ್ಪು ಒದ್ದೆ, ಒಣಗುವುದಿಲ್ಲ. ಒಲೆ ಇಟ್ಟರೆ ಒಳಗೆಲ್ಲ ಬೆವರು. ಹೋದ ವರ್ಷ ಡಿಸೆಂಬರಿನಲ್ಲಿ ಹುಳು ನಾಲ್ಕನೆಯ ಜ್ವರದಿಂದ, ಅಂದರೆ ಪೊರೆ ಬಿಡುವ ನಿದ್ದೆಯಿಂದ, ಎದ್ದ ದಿನವೇ ಜಡಿ ಹಿಡಿಯಿತು. ಐದನೆಯ ದಿನ ತಟ್ಟೆಯ ಅಂಚಿನಲ್ಲಿ ಒಂದು ಹುಳು ಬಳಪದ ತುಂಡಿನ ಹಾಗೆ ಬೆಳ್ಳಗೆ, ಗಟ್ಟಿಯಾಗಿ ಬಿದ್ದಿತ್ತು. ಸುಣ್ಣಕಟ್ಟು ರೋಗ. ಎತ್ತಿ ಬೆಂಕಿಗೆ ಹಾಕಿ, ಸುಣ್ಣ ದೂಳಿಸಿ, ರಾತ್ರಿಯೆಲ್ಲ ಕೂತೆ. ಮುಕ್ಕಾಲು ಬೆಳೆ ಉಳಿಯಿತು, ಅದೇ ದೊಡ್ಡದು.

ನನಗೆ ತಿಳಿಯಬೇಕಾದದ್ದು: ಈ ಮೋಡದ ದಿನಗಳು ಬಂಗಾಳಕೊಲ್ಲಿಯಿಂದಲೇ ಬರುವುದಾದರೆ, ಅಲ್ಲಿಯೂ ಪ್ರವಾಹ ಎಂಬುದು ಇದೆಯೇ?

ಹಳೆಯ ಎಂಜಿನಿಯರ್, ಗುಬ್ಬಿ

ನಕಲಿನ ಮಾತು ಒಪ್ಪಿದೆ, ತಾಯಿ. ನಾನೂ ಒಂದೆರಡು ಸಲ ಮಾಡಿದ್ದೇನೆ.

ಪ್ರವಾಹ ಇದೆ, ಅದೂ ಬಲು ವಿಚಿತ್ರದ್ದು. ಗಲ್ಫ್ ಸ್ಟ್ರೀಮ್ ವರ್ಷವಿಡೀ ಒಂದೇ ದಿಕ್ಕಿಗೆ ಹರಿಯುತ್ತದೆ. ನಮ್ಮ ಪೂರ್ವ ಕರಾವಳಿಯ ಪ್ರವಾಹ ಗಾಳಿಯ ಜೊತೆ ಮನಸ್ಸು ಬದಲಿಸುತ್ತದೆ. ಮಾರ್ಚ್ ಏಪ್ರಿಲಿನಲ್ಲಿ ಉತ್ತರಕ್ಕೆ, ಅಕ್ಟೋಬರಿನಿಂದ ಜನವರಿಯ ತನಕ ದಕ್ಷಿಣಕ್ಕೆ. ನವೆಂಬರಿನಲ್ಲಿ ಹಲ್ದಿಯಾದಿಂದ ಚೆನ್ನೈಗೆ ಬರುವಾಗ ಪ್ರವಾಹವೇ ಹಿಂದಿನಿಂದ ತಳ್ಳಿ ನಮಗೆ ಸ್ವಲ್ಪ ಎಣ್ಣೆ ಉಳಿಸುತ್ತಿತ್ತು.

ಆ ನೀರು ಬರೀ ಉಪ್ಪು ನೀರಲ್ಲ. ಮುಂಗಾರಿನಲ್ಲಿ ಗಂಗೆ, ಬ್ರಹ್ಮಪುತ್ರ, ಮಹಾನದಿ, ಗೋದಾವರಿ, ಕೃಷ್ಣೆಯರು ಸುರಿದದ್ದೆಲ್ಲ ಕೊಲ್ಲಿಯ ಮೇಲೆ ತೆಳುವಾದ ಹಗುರ ಪದರವಾಗಿ ಕೂತಿರುತ್ತದೆ. ಗ್ರೀನ್‌ಲ್ಯಾಂಡಿನ ಹತ್ತಿರ ಸಿಹಿನೀರು ಮಾಡುವ ಕೆಲಸವನ್ನೇ ಇಲ್ಲೂ ಮಾಡುತ್ತದೆ, ಮುಚ್ಚಳದ ಕೆಲಸ. ಫಲ ಮಾತ್ರ ಉಲ್ಟಾ. ಅಲ್ಲಿ ಮುಚ್ಚಳ ಬಿದ್ದರೆ ಯೂರೋಪಿಗೆ ಹೋಗುವ ಶಾಖ ನಿಲ್ಲುತ್ತದೆ. ಇಲ್ಲಿ ಮುಚ್ಚಳ ಇರುವುದರಿಂದ ಗಾಳಿ ಎಷ್ಟು ಕಡೆದರೂ ಆಳದ ತಣ್ಣೀರು ಸುಲಭವಾಗಿ ಮೇಲೆ ಬರುವುದಿಲ್ಲ, ಮೇಲಿನ ನೀರು 28 ಡಿಗ್ರಿಯ ಆಸುಪಾಸಿನಲ್ಲೇ ಉಳಿಯುತ್ತದೆ. ಚಂಡಮಾರುತಕ್ಕೆ ಬೇಕಾದ ಬೆಚ್ಚನೆಯ ಹಾಸಿಗೆ ಅದೇ. 2022ರ ಡಿಸೆಂಬರಿನಲ್ಲಿ ಮಾಂಡೌಸ್ ಮಹಾಬಲಿಪುರದ ಹತ್ತಿರ ದಡ ಮುಟ್ಟಿತು. 2024ರ ನವೆಂಬರ್ ಕೊನೆಯಲ್ಲಿ ಫೆಂಗಲ್ ಪುದುಚೇರಿಯ ಹತ್ತಿರ. ಎರಡು ಸಲವೂ ಕೋಲಾರ, ಚಿಕ್ಕಬಳ್ಳಾಪುರದವರು ದಿನಗಟ್ಟಲೆ ಬಿಸಿಲು ಕಾಣಲಿಲ್ಲ. ಶ್ರೀನಿವಾಸಪುರದಿಂದ ಚೆನ್ನೈಗೆ ನೇರ ಗೆರೆ ಎಳೆದರೆ 220 ಕಿಲೋಮೀಟರ್ ಚಿಲ್ಲರೆ. ಎಂಟು, ಒಂಬತ್ತು ನೂರು ಮೀಟರ್ ಎತ್ತರದಲ್ಲಿ ಕೂತಿದ್ದೇವೆ ಎಂದು ನಾವು ಸಮುದ್ರದವರಲ್ಲ ಎಂದುಕೊಳ್ಳುತ್ತೇವೆ, ಅಷ್ಟೇ.

ಇನ್ನು ನಮ್ಮ ಮಾಗಿ ಚಳಿ. ಅದನ್ನು ಯಾವ ಪ್ರವಾಹವೂ ಹೊತ್ತು ತರುವುದಿಲ್ಲ, ಆಕಾಶ ಕೊಡುತ್ತದೆ. ಒಣ ಮೂಡಗಾಳಿ, ಶುಭ್ರ ರಾತ್ರಿ. ಹಗಲು ಕುಡಿದ ಶಾಖವನ್ನು ನೆಲ ನೇರವಾಗಿ ಮೇಲಕ್ಕೆ ಕಳೆದುಕೊಳ್ಳುತ್ತದೆ. ಬೆಂಗಳೂರು 1884ರ ಜನವರಿ 13ರಂದು 7.8 ಡಿಗ್ರಿಗೆ ಇಳಿದಿತ್ತು. ಆ ದಾಖಲೆ ಈಗಲೂ ಮುರಿದಿಲ್ಲ. ಮೋಡ ಬಂದರೆ ಕಂಬಳಿ ಹೊದಿಸಿದ ಹಾಗೆ. ಹಗಲು ಬಿಸಿಲನ್ನು ತಡೆಯುತ್ತದೆ, ಆದ್ದರಿಂದ ನೀವು ನಡುಗುತ್ತೀರಿ. ರಾತ್ರಿ ಶಾಖವನ್ನು ತಡೆಯುತ್ತದೆ, ಆದ್ದರಿಂದ ಮರ ಎಲೆ ಬಿಡುತ್ತದೆ. ಮಾವು ಲೆಕ್ಕ ಇಡುವುದು ರಾತ್ರಿಯದ್ದು, ನಾವು ಲೆಕ್ಕ ಇಡುವುದು ಹಗಲಿನದ್ದು.

1951ರಿಂದ 2015ರ ನಡುವೆ ಉಷ್ಣವಲಯದ ಹಿಂದೂ ಮಹಾಸಾಗರದ ಮೇಲ್ಮೈ ಸರಾಸರಿ 1 ಡಿಗ್ರಿ ಬಿಸಿಯಾಗಿದೆ ಎಂದು ಕೇಂದ್ರದ ಭೂವಿಜ್ಞಾನ ಸಚಿವಾಲಯದ 2020ರ ವರದಿಯಲ್ಲಿದೆ. ತೋಪಿನವರು ನಿಗಾ ಇಡಬೇಕಾದದ್ದು ಆ ಅಂಕಿಯ ಮೇಲೆ. ಪಾವಗಡದವರ ಲಾ ನಿನಾ ಲೆಕ್ಕವೂ ಸುಳ್ಳಲ್ಲ. ಅದು ಎತ್ತಿನ ಗಾಡಿಯ ಜಾಡು ಇದ್ದ ಹಾಗೆ, ಗಾಡಿ ಸಾಮಾನ್ಯವಾಗಿ ಅದರಲ್ಲೇ ಹೋಗುತ್ತದೆ. ಆದರೆ ಕೊಲ್ಲಿಯಲ್ಲಿ ಒಂದರ ಹಿಂದೊಂದು ವಾಯುಭಾರ ಕುಸಿತ ಎದ್ದ ತಿಂಗಳು ಜಾಡು ಯಾರೂ ಕೇಳುವುದಿಲ್ಲ. 2021ರಲ್ಲಿ ಆದದ್ದು ಅದು.

ಕಡಲೆಕಾಯಿ, ಪಾವಗಡ

ಜಾಡು ಎಂದದ್ದು ಹಿಡಿಸಿತು. ಇನ್ನು ಮೇಲೆ ಹಾಗೇ ಹೇಳುತ್ತೇನೆ. ಆದರೂ ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಓಡುವುದನ್ನು ಯಾವ ಸಾಗರವೂ ತಪ್ಪಿಸಿಲ್ಲ.

ತೋಪಿನವನು

ಎಲ್ಲವನ್ನೂ ಎರಡು ಸಲ ಓದಿದೆ. ಉಷ್ಣಮಾಪಕದ ಪಕ್ಕ ಇನ್ನೊಂದು ಕಾಲಂ ಗೆರೆ ಎಳೆದಿದ್ದೇನೆ, ಮೋಡ ಇದೆ ಅಥವಾ ಇಲ್ಲ. ನಾಲ್ಕು ವರ್ಷದಿಂದ ಅದನ್ನು ಬರೆಯದೆ ಬರೀ ಡಿಗ್ರಿ ಬರೆದದ್ದಕ್ಕೆ ನನ್ನ ಮೇಲೇ ಕೋಪ ಬಂತು.

ಈ ದಿನ ಬೆಳಗಿನ ಐದಕ್ಕೆ 13. ಮೂಡಣದಲ್ಲಿ ಮೋಡವಿಲ್ಲ, ಹುಲ್ಲಿನ ಮೇಲೆ ಚಪ್ಪಲಿ ತೋಯುವಷ್ಟು ಇಬ್ಬನಿ. ಬದುವಿನ ನೀಲಂ ಮರಗಳೆರಡರಲ್ಲಿ ಹೂಗೊಂಚಲು ತಲೆ ಹಾಕಿದೆ. ತೋತಾಪುರಿ ಇನ್ನೂ ಎಲೆಯಲ್ಲೇ ಇದೆ.